ಬಡತನದ ಅಳತೆಗೋಲು

ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಅರಸರ ವಂಶಾವಳಿ, ಯುದ್ಧಗಳ ಇಸವಿ, ಕೋಟೆಕೊತ್ತಲಗಳ ವರ್ಣನೆ. ಪಾಠಪುಸ್ತಕಗಳು ಬಹುಮಟ್ಟಿಗೆ ಇವನ್ನೇ ನಮಗೆ ಕಲಿಸಿವೆ. ಆದರೆ ಬಡತನಕ್ಕೂ ಒಂದು ಇತಿಹಾಸವುಂಟು. ಬಡತನವನ್ನು ಅಳೆದ ರೀತಿಗೂ ಒಂದು ಇತಿಹಾಸವುಂಟು. ಈ ಎರಡನೆಯದು ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲ. ಯಾರು ಬಡವರೆಂಬುದನ್ನು ತೀರ್ಮಾನಿಸಿದವರು ಯಾರು, ಅವರು ಯಾರನ್ನು ಕೇಳಿದರು, ಯಾರನ್ನು ಕೇಳದೆಯೇ ಬಿಟ್ಟರು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಶುಷ್ಕವಾಗಿ ತೋರಬಹುದು. ಪಡಿತರ ಚೀಟಿ, ವಿದ್ಯಾರ್ಥಿವೇತನ, ಮುದುಕರ ಮಾಸಾಶನ, ಮನೆ ಕಟ್ಟಲು ದೊರೆಯುವ ಸಹಾಯ ಇವೆಲ್ಲವೂ ಯಾವುದೋ ಒಂದು ಪಟ್ಟಿಯನ್ನು ಅವಲಂಬಿಸಿರುವ ಕಾಲದಲ್ಲಿ, ಆ ಪಟ್ಟಿಯ ಹಿಂದಿರುವ ಅಳತೆಗೋಲು ಯಾರ ಕೈಯಲ್ಲಿತ್ತೆಂಬುದು ಒಂದು ಸಂಸಾರದ ಅನ್ನದ ಪ್ರಶ್ನೆಯೇ ಆಗಿಬಿಡುತ್ತದೆ. ಆ ಅಳತೆಗೋಲು ಒಂದು ಕೈಯಿಂದ ಇನ್ನೊಂದು ಕೈಗೆ ಸಾಗಿಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಬಡತನವನ್ನು ಕ್ರಮವಾಗಿ ಎಣಿಸಬೇಕೆಂಬ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ಮೊದಲಾದುದು ಇಂಗ್ಲೆಂಡಿನಲ್ಲಿ. ಹಡಗಿನ ವ್ಯಾಪಾರದಿಂದ ಶ್ರೀಮಂತನಾಗಿದ್ದ ಚಾರ್ಲ್ಸ್ ಬೂತ್ ಎಂಬಾತ ೧೮೮೬ರಲ್ಲಿ ಲಂಡನ್ ನಗರದ ಜನರ ಜೀವನವನ್ನು ಪರಿಶೀಲಿಸತೊಡಗಿದನು. ೧೮೮೯ರಲ್ಲಿ ಮೊದಲ ಸಂಪುಟ ಹೊರಬಂದಿತು. ೧೯೦೩ರ ವೇಳೆಗೆ ಹದಿನೇಳು ಸಂಪುಟಗಳಾದುವು. ಲಂಡನ್ನಿನ ಜನರಲ್ಲಿ ಶೇಕಡಾ ೩೦.೭ ಮಂದಿ ಬಡತನದಲ್ಲಿರುವರೆಂದು ಆತನು ತೋರಿಸಿಕೊಟ್ಟಾಗ, ಜಗತ್ತಿನ ಅತ್ಯಂತ ಸಿರಿವಂತ ನಗರದವರು ಬೆರಗಾದರು. ಶಿಕ್ಷಕರಾದ ನಾವು ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೂತನಿಗೆ ಈ ವಿವರಗಳನ್ನು ಒದಗಿಸಿದವರು ಬಹುಮಟ್ಟಿಗೆ ಸ್ಕೂಲ್ ಬೋರ್ಡಿನ ಹಾಜರಿ ಅಧಿಕಾರಿಗಳು. ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ತಿರುಗುತ್ತಿದ್ದ ಅವರಿಗೆ ಯಾವ ಮನೆಯಲ್ಲಿ ಒಲೆ ಹೊತ್ತುತ್ತದೆ, ಯಾವ ಮನೆಯಲ್ಲಿ ಹೊತ್ತುವುದಿಲ್ಲವೆಂಬುದು ತಿಳಿದಿತ್ತು. ಬೂತನೂ ಅವನ ಸಹಾಯಕರೂ ಆ ಅಧಿಕಾರಿಗಳನ್ನು ಕೂರಿಸಿಕೊಂಡು ವಿಚಾರಿಸಿ ಬರೆದುಕೊಂಡರು. ಹೀಗೆ ಬಡವರನ್ನು ಕುರಿತ ಮೊದಲ ಮಹಾಗ್ರಂಥಕ್ಕೆ ಆಧಾರವಾದುದು ಬಹುಪಾಲು ಬಡವರನ್ನು ಬಲ್ಲವರ ಮಾತು.

ಬೂತನ ಮಾರ್ಗವನ್ನು ಮುಂದುವರಿಸಿದವನು ಸೀಬೋಮ್ ರೌಂಟ್ರಿ. ೧೮೯೯ರಲ್ಲಿ ಯಾರ್ಕ್ ಪಟ್ಟಣದ ಕೂಲಿಕಾರರ ೧೧,೫೬೦ ಸಂಸಾರಗಳನ್ನು ಆತನು ಮನೆಮನೆಯಾಗಿ ಪರಿಶೀಲಿಸಿದನು. ೧೯೦೧ರಲ್ಲಿ ಪುಸ್ತಕ ಪ್ರಕಟವಾಯಿತು. ದೇಹಶಕ್ತಿಯನ್ನು ಕಾಯ್ದುಕೊಳ್ಳಲು ಎಷ್ಟು ಆಹಾರ ಬೇಕು, ಅದಕ್ಕೆ ಎಷ್ಟು ಹಣ ಬೇಕು, ಬಾಡಿಗೆ, ಬಟ್ಟೆ, ಸೌದೆಗೆ ಎಷ್ಟು ಸೇರಿಸಬೇಕು ಎಂದು ಲೆಕ್ಕಹಾಕಿ, ಅದಕ್ಕಿಂತ ಕಡಿಮೆ ಸಂಪಾದನೆಯುಳ್ಳವರು ಮೊದಲ ದರ್ಜೆಯ ಬಡವರೆಂದು ಆತನು ನಿರ್ಣಯಿಸಿದನು. ‘ಬಡತನದ ರೇಖೆ’ ಎಂದು ಇಂದು ನಾವು ಕರೆಯುವುದಕ್ಕೆ ಇದೇ ಗಟ್ಟಿಯಾದ ತಳಹದಿ. ಪಟ್ಟಣದ ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ ೨೭.೮೪ ಮಂದಿ ಒಂದಲ್ಲ ಒಂದು ಬಗೆಯ ಬಡತನದಲ್ಲಿದ್ದಾರೆಂದು ಆತನ ಲೆಕ್ಕ ಹೇಳಿತು. ಆ ರೇಖೆಯಲ್ಲಿ ಒಂದು ಕಾಗದವನ್ನು ಊರಿಗೆ ಬರೆದುಹಾಕಲು, ಒಂದು ದಿನ ರೈಲು ಹತ್ತಲು, ಮಗುವಿಗೆ ಒಂದು ಗೊಂಬೆ ಕೊಳ್ಳಲು ಕಾಸಿನಷ್ಟೂ ಎಡೆಯಿರಲಿಲ್ಲವೆಂಬುದು ರೌಂಟ್ರಿಗೇ ಗೊತ್ತಿತ್ತು. ರೇಖೆ ಇಷ್ಟು ಬಿಗಿಯಾಗಿದ್ದರೂ ಇಷ್ಟೊಂದು ಜನ ಅದರ ಕೆಳಗಿದ್ದಾರೆಂದು ತೋರಿಸುವುದೇ ಆತನ ಉದ್ದೇಶವಾಗಿತ್ತು.

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಕೈಹಾಕಿದ ಹಿರಿಯರು ದಾದಾಭಾಯಿ ನವರೋಜಿಯವರು. ೧೮೭೬ರಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿ ಬ್ರಿಟಿಷ್ ಇಂಡಿಯಾದ ಪ್ರಜೆಯೊಬ್ಬನ ಸರಾಸರಿ ವಾರ್ಷಿಕ ಆದಾಯ ೨೦ ರೂಪಾಯಿ ಎಂದು ತೋರಿಸಿದರು. ಅದರ ಪಕ್ಕದಲ್ಲಿ ಬಂದೀಖಾನೆಗಳಲ್ಲಿ ಕೈದಿಯೊಬ್ಬನ ಊಟ ಬಟ್ಟೆಗೆ ಸರಕಾರವು ಮಾಡುತ್ತಿದ್ದ ವೆಚ್ಚವನ್ನು ಇಟ್ಟರು. ದುಡಿಯುವ ಸ್ವತಂತ್ರ ಮನುಷ್ಯನ ಪಾಲಿಗೆ ಕೈದಿಗೆ ಸಿಗುವಷ್ಟೂ ಸಿಗದೆಂಬುದನ್ನು ಆಳುವವರ ದಫ್ತರಗಳಿಂದಲೇ ಹೆಕ್ಕಿ ಆಳುವವರ ಮುಂದಿಟ್ಟುದು ಸಾಮಾನ್ಯ ಸಾಹಸವಲ್ಲ. ಅಂಕಿಗಳನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಪರಿಶೀಲನೆ ಹಳ್ಳಿಗೆ ಇಳಿಯಿತು. ಮದರಾಸು ವಿಶ್ವವಿದ್ಯಾಲಯದಲ್ಲಿ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ತಮ್ಮ ವಿದ್ಯಾರ್ಥಿಗಳನ್ನು ಅವರವರ ಹುಟ್ಟೂರುಗಳಿಗೇ ಕಳುಹಿಸಿ ವಿವರಗಳನ್ನು ಬರೆಸಿದರು. ಆ ಸಂಗ್ರಹ ೧೯೧೮ರಲ್ಲಿ ಗ್ರಂಥವಾಯಿತು. ಪುಣೆಯ ಸಮೀಪದ ಪಿಂಪಳೆ ಸೌದಾಗರ ಎಂಬ ಹಳ್ಳಿಯನ್ನು ಕುರಿತು ಹೆರಾಲ್ಡ್ ಮ್ಯಾನ್ ೧೯೧೭ರಲ್ಲಿ ಪ್ರಕಟಿಸಿದ ಪುಸ್ತಕದಿಂದ ನಮಗೆ ತಿಳಿದುಬರುವುದೇನೆಂದರೆ, ೧೭೭೧ರಲ್ಲಿ ಅಲ್ಲಿನ ರೈತನೊಬ್ಬನ ಸರಾಸರಿ ಹಿಡುವಳಿ ಸುಮಾರು ೪೦ ಎಕರೆ ಇದ್ದದ್ದು ೧೯೧೫ರ ಸುಮಾರಿಗೆ ೭ ಎಕರೆಗೆ ಇಳಿದಿತ್ತು. ಹೊಲ ತುಂಡಾದ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಅಂಕಿಗಳಲ್ಲದೆ ಬೇರಾವುದೂ ಹೇಳಲಾರದು. ಆದರೂ ಪ್ರಶ್ನೆಗಳ ಹಾಳೆ ಸಿದ್ಧವಾಗುತ್ತಿದ್ದುದು ಮದರಾಸಿನಲ್ಲಿ, ಪುಣೆಯಲ್ಲಿ. ಹಳ್ಳಿಯವನ ಕೆಲಸ ಉತ್ತರ ಹೇಳುವುದಷ್ಟೆ.

ಸ್ವಾತಂತ್ರ್ಯಾನಂತರ ಈ ಎಣಿಕೆ ಸರಕಾರದ ಯೋಜನೆಗೆ ಅಂಗವಾಯಿತು. ೧೯೬೨ರಲ್ಲಿ ಯೋಜನಾ ಆಯೋಗದ ತಜ್ಞರ ತಂಡವೊಂದು ೧೯೬೦-೬೧ರ ಬೆಲೆಗಳಲ್ಲಿ ತಲೆಯೊಂದಕ್ಕೆ ತಿಂಗಳಿಗೆ ೨೦ ರೂಪಾಯಿಗಳ ವೆಚ್ಚವನ್ನು ಕನಿಷ್ಠ ಮಟ್ಟವೆಂದು ಸೂಚಿಸಿತು. ೧೯೭೧ರಲ್ಲಿ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು ದಿನಕ್ಕೆ ೨,೨೫೦ ಕ್ಯಾಲೊರಿ ಆಹಾರವನ್ನು ಆಧಾರವಾಗಿ ಹಿಡಿದರು. ೧೯೭೯ರಲ್ಲಿ ಹಳ್ಳಿಗೆ ೨,೪೦೦, ಪಟ್ಟಣಕ್ಕೆ ೨,೧೦೦ ಎಂದು ಗೊತ್ತುಮಾಡಲಾಯಿತು. ಇಡೀ ದೇಶವನ್ನು ಒಂದೇ ಗಜದಿಂದ ಅಳೆಯಲು ಇದರಿಂದ ಅನುಕೂಲವಾಯಿತು. ಆದರೆ ಅನ್ನದ ಕಾವನ್ನು ಅಳೆಯುವ ಗಜ, ಆ ಅನ್ನಕ್ಕಾಗಿ ಯಾರ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಾಯಿತೆಂಬುದನ್ನು ಅಳೆಯಲಾರದು.

ಈ ಕೊರತೆಯನ್ನು ಕಂಡವರು ಬೇರೆ ಬೇರೆ ದಿಕ್ಕುಗಳಿಂದ ಬಂದರು. ಅವರಲ್ಲಿ ಪಾಲಿ ಹಿಲ್ ಎಂಬ ವಿದುಷಿ ಸ್ಮರಣೀಯರು. ೧೯೬೭ರಲ್ಲಿ ಉತ್ತರ ನೈಜೀರಿಯಾದ ಬಟಗರವಾ ಎಂಬ ಹೌಸಾ ಹಳ್ಳಿಯಲ್ಲಿ ನೆಲೆಸಿದ ಅವರು, ಊರಿನ ರೈತರಲ್ಲಿ ಯಾರು ಗಟ್ಟಿ, ಯಾರು ದುರ್ಬಲ ಎಂಬ ವಿಂಗಡಣೆಯನ್ನು ಆ ಊರಿನ ರೈತರಿಂದಲೇ ಮಾಡಿಸಿದರು. ಮಳೆ ಬೆಳೆ ಕೈಕೊಟ್ಟ ವರ್ಷವನ್ನು ಯಾರು ತಾಳಿಕೊಳ್ಳಬಲ್ಲರು ಎಂಬುದು ಆ ವಿಂಗಡಣೆಯ ಒರೆಗಲ್ಲಾಯಿತು. ಬಳಿಕ ಅವರು ನಮ್ಮ ಹೊಸೂರಿನ ಮಗ್ಗುಲಲ್ಲೇ ಇರುವ ಆನೇಕಲ್ ತಾಲ್ಲೂಕಿನ ಹಳ್ಳಿಗಳಿಗೂ ಬಂದು ಅಧ್ಯಯನ ನಡೆಸಿದರು. ಹೌಸಾ ನಾಡಿನ ಮತ್ತು ಕರ್ನಾಟಕದ ಒಣಬೇಸಾಯದ ಕುಟುಂಬಗಳನ್ನು ಹೋಲಿಸಿ ಅವರು ಬರೆದ ಗ್ರಂಥ ೧೯೮೨ರಲ್ಲಿ ಪ್ರಕಟವಾಯಿತು. ‘ಸರಾಸರಿ ರೈತ’ನೆಂಬವನು ಯಾವ ಹಳ್ಳಿಯಲ್ಲಿಯೂ ಇಲ್ಲ, ಒಂದೇ ಬೀದಿಯ ಎರಡು ಮನೆಗಳ ನಡುವೆ ಅಜಗಜಾಂತರವಿರುತ್ತದೆ ಎಂಬುದು ಅವರ ವಾದದ ತಿರುಳು.

ಇನ್ನೊಬ್ಬರು ರಾಜಸ್ಥಾನದ ಹಳ್ಳಿಗಳನ್ನು ಬಹುಕಾಲ ಬಲ್ಲ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ. ಹೈದರಾಬಾದಿಗೆ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಒಣಬೇಸಾಯ ಸಂಶೋಧನ ಸಂಸ್ಥೆಯಲ್ಲಿ ಅವರು ಕೆಲಸ ಮಾಡಿದರು. ಆ ಸಂಸ್ಥೆ ೧೯೭೫ರಿಂದ ಕೆಲವು ಹಳ್ಳಿಗಳನ್ನು ಆರಿಸಿ, ಅಲ್ಲಿಯೇ ವಾಸವಾಗಿರುವ ಪರಿಶೀಲಕರ ಮೂಲಕ ವರ್ಷಗಟ್ಟಲೆ ಲೆಕ್ಕ ಬರೆಸಿತು; ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಳಮಣ ಎಂಬ ಹಳ್ಳಿಗಳು ಅವುಗಳಲ್ಲಿ ಸೇರಿವೆ. ೧೯೮೬ರಲ್ಲಿ ಜೋಧಾ ಅವರು ಏಳು ರಾಜ್ಯಗಳ ಎಂಬತ್ತಕ್ಕೂ ಮಿಕ್ಕ ಹಳ್ಳಿಗಳ ವಿವರವನ್ನು ಪ್ರಕಟಿಸಿದರು. ಗೋಮಾಳ, ಕಿರುಕಾಡು, ಹಳ್ಳದ ದಂಡೆ ಇಂತಹ ಊರೊಟ್ಟಿನ ನೆಲದಿಂದ ಬಡ ಕುಟುಂಬಗಳಿಗೆ ದೊರೆಯುತ್ತಿದ್ದ ಸೌದೆ, ಮೇವು, ಸೊಪ್ಪು, ಕಾಯಿಗಳ ಬೆಲೆ ಕಟ್ಟಿದರೆ ಅದು ಅವರ ಆದಾಯದಲ್ಲಿ ಶೇಕಡಾ ೧೪ರಿಂದ ೨೩ರಷ್ಟಾಗುತ್ತಿತ್ತು. ಸಂತೆಗೆ ಹೋಗದ ಈ ಸಂಪತ್ತು ಯಾವ ಪ್ರಶ್ನಾವಳಿಯಲ್ಲಿಯೂ ಸರಿಯಾಗಿ ಕಾಣಿಸಿಕೊಂಡಿರಲಿಲ್ಲ. ಆದುದರಿಂದಲೇ ಗೋಮಾಳಗಳು ಕಣ್ಮರೆಯಾದಾಗ ಬಡವನಿಗಾದ ನಷ್ಟವೂ ಯಾವ ಲೆಕ್ಕದಲ್ಲಿಯೂ ಕಾಣಿಸಲಿಲ್ಲ.

೧೯೮೮ರಲ್ಲಿ ಅವರು ಪ್ರಕಟಿಸಿದ ಮತ್ತೊಂದು ಲೇಖನ ಇನ್ನೂ ವಿಚಾರಪ್ರಚೋದಕವಾದುದು. ೧೯೬೩-೬೬ರಲ್ಲಿ ತಾವು ಪರಿಶೀಲಿಸಿದ್ದ ರಾಜಸ್ಥಾನದ ಎರಡು ಹಳ್ಳಿಗಳನ್ನು ೧೯೮೨-೮೪ರಲ್ಲಿ ಅವರು ಮತ್ತೆ ಪರಿಶೀಲಿಸಿದರು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಕೆಲವು ಕುಟುಂಬಗಳ ತಲಾ ಆದಾಯ ಶೇಕಡಾ ಐದಕ್ಕಿಂತ ಹೆಚ್ಚಾಗಿ ಕುಸಿದಿತ್ತು. ಶಾಸ್ತ್ರದ ಪ್ರಕಾರ ಅವರು ಮೊದಲಿಗಿಂತ ಬಡವರಾಗಿದ್ದರು. ಬದುಕು ಮೇಲಾಯಿತೋ ಕೆಳಗಾಯಿತೋ ಎಂಬುದನ್ನು ಯಾವುದರಿಂದ ತಿಳಿಯುವಿರಿ ಎಂದು ಹಳ್ಳಿಗರನ್ನೇ ಕೇಳಿದಾಗ ಅವರು ೩೮ ಲಕ್ಷಣಗಳನ್ನು ಹೇಳಿದರು. ಧಣಿಯ ಜಾಗದಲ್ಲಿ ಬಿಡಾರ ಹೂಡಬೇಕಾಗಿದೆಯೇ? ಬೇಸಗೆಯಲ್ಲಿ ಕಾಳಿಗಾಗಿ ಧಣಿಯಲ್ಲಿ ಸಾಲ ಬೇಡಬೇಕಾಗಿದೆಯೇ? ಜೀತದ ಆಳಾಗಿ ದುಡಿಯುವವರು ಮನೆಯಲ್ಲಿದ್ದಾರೆಯೇ? ಹೆಂಗಸರೂ ಮಕ್ಕಳೂ ಕಾಲಿಗೆ ಜೋಡು ಹಾಕುತ್ತಾರೆಯೇ? ದನಗಳಿಗೂ ಮನುಷ್ಯರಿಗೂ ಬೇರೆ ಬೇರೆ ಎಡೆಯಿದೆಯೇ? ಆದಾಯ ಕುಸಿದಿದ್ದ ಆ ಕುಟುಂಬಗಳು, ಈ ೩೮ರಲ್ಲಿ ೩೭ರ ಮಟ್ಟಿಗೆ ಸರಾಸರಿಯಲ್ಲಿ ಮೊದಲಿಗಿಂತ ಮೇಲಾಗಿದ್ದುವು. ಹಿಂದೆ ಬಿದ್ದುದು ಒಂದೇ: ಮನೆಯಲ್ಲಿ ಕುಡಿಯುತ್ತಿದ್ದ ಹಾಲು. ಅದು ಈಗ ಊರ ಹೊರಗೆ ಮಾರಾಟವಾಗುತ್ತಿತ್ತು.

ಇದರ ಅರ್ಥವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಆದಾಯ ಕುಸಿದರೂ ಚಿಂತೆಯಿಲ್ಲವೆಂದು ಯಾವ ಅಧಿಕಾರಸ್ಥನೂ ಇದರಿಂದ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮಕ್ಕಳ ಬಾಯಿಂದ ತಪ್ಪಿದ ಹಾಲು ನಿಜವಾದ ನಷ್ಟವೇ. ಆದರೆ ಆ ಜನರ ಪಾಲಿಗೆ ಬಡತನದ ಅತ್ಯಂತ ಕಹಿಯಾದ ಭಾಗ ಪರಾಧೀನತೆಯಾಗಿತ್ತು. ರೂಪಾಯಿಯ ಲೆಕ್ಕ ಅದನ್ನು ಹಿಡಿಯಲಿಲ್ಲ. ಅಳೆಯುವವನು ಕೇಳಿದ್ದರೆ ಅವರು ಯಾವಾಗ ಬೇಕಾದರೂ ಹೇಳುತ್ತಿದ್ದರು. ಇಪ್ಪತ್ತು ವರ್ಷಗಳ ಕಾಲ ಯಾರೂ ಕೇಳಿರಲಿಲ್ಲ.

ಏಕೆ ಕೇಳಲಿಲ್ಲವೆಂಬುದಕ್ಕೆ ಉತ್ತರವನ್ನು ೧೯೮೩ರಲ್ಲಿ ಪ್ರಕಟವಾದ ರಾಬರ್ಟ್ ಚೇಂಬರ್ಸ್ ಅವರ ಪುಸ್ತಕವೊಂದು ವಿವರಿಸಿತು. ಪಟ್ಟಣದಿಂದ ಹಳ್ಳಿಗೆ ಬರುವ ಪರಿಶೀಲಕನು ಡಾಂಬರು ರಸ್ತೆಯ ಪಕ್ಕದ ಊರುಗಳನ್ನು ನೋಡುತ್ತಾನೆ. ಯಾವುದಾದರೂ ಯೋಜನೆ ನಡೆದಿರುವ ಊರಿಗೇ ಹೋಗುತ್ತಾನೆ. ಊರಿನ ಪ್ರಮುಖರನ್ನು, ಗಂಡಸರನ್ನು, ಆರೋಗ್ಯವಂತರನ್ನು ಮಾತಾಡಿಸುತ್ತಾನೆ. ಕೆಸರಿಲ್ಲದ ಒಣ ತಿಂಗಳುಗಳಲ್ಲಿ ಬರುತ್ತಾನೆ; ಹಸಿವೂ ಜ್ವರವೂ ಸಾಲವೂ ಒಟ್ಟಿಗೆ ಕಾಡುವ ಮಳೆಗಾಲವನ್ನು ಕಾಣುವುದೇ ಇಲ್ಲ. ಸೌಜನ್ಯದಿಂದ ಕಹಿ ಪ್ರಶ್ನೆಗಳನ್ನು ಕೇಳದೆ ಬಿಡುತ್ತಾನೆ. ತನ್ನ ಶಾಸ್ತ್ರಕ್ಕೆ ಹೊಂದುವುದನ್ನು ಮಾತ್ರ ಬರೆದುಕೊಳ್ಳುತ್ತಾನೆ. ಹೀಗೆ ಆರು ಬಗೆಯ ಮರೆಗಳಿಂದ ಕಡುಬಡವನು ಕಣ್ಣಿಗೆ ಬೀಳದೆ ಹೋಗುತ್ತಾನೆ. ನಾವು ಶಾಲೆಯಲ್ಲಿ ಮೊದಲ ಸಾಲಿನ ಮಕ್ಕಳ ಉತ್ತರವನ್ನೇ ಕೇಳಿ ತರಗತಿಗೆಲ್ಲ ಪಾಠ ತಿಳಿಯಿತೆಂದು ಭಾವಿಸುವುದಕ್ಕೂ ಇದಕ್ಕೂ ದೂರವಿಲ್ಲ.

ಇದಕ್ಕೆ ಪರಿಹಾರವಾಗಿ ಒಂದು ಹೊಸ ಪದ್ಧತಿ ೧೯೮೮ರ ಸುಮಾರಿಗೆ ಕೀನ್ಯಾದಲ್ಲಿಯೂ ಭಾರತದಲ್ಲಿಯೂ ರೂಪುಗೊಂಡಿತು. ಇಲ್ಲಿ ಅದಕ್ಕೆ ಹೆಚ್ಚಿನ ಚಾಲನೆ ಕೊಟ್ಟ ಸಂಸ್ಥೆಗಳಲ್ಲಿ ಮೈರಾಡ ಒಂದು. ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ ೧೯೬೮ರಲ್ಲಿ ಮೈಸೂರು ರಾಜ್ಯದಲ್ಲಿ ಹುಟ್ಟಿದ ಈ ಸಂಸ್ಥೆ ಬಳಿಕ ಗ್ರಾಮೀಣ ಬಡವರ ಕೆಲಸಕ್ಕೆ ತಿರುಗಿತು. ಸಹಭಾಗಿತ್ವದ ಕಲಿಕೆಯ ವಿಧಾನಗಳನ್ನು ಕುರಿತು ೧೯೯೦ರ ಜನವರಿಯಲ್ಲಿ ಅದು ಒಂದು ಕಾರ್ಯಶಿಬಿರವನ್ನು ತನ್ನ ತಾಳವಾಡಿ ಯೋಜನೆಯಲ್ಲಿ ನಡೆಸಿತು; ಅದರ ವರದಿಯೇ ಆ ಸಂಸ್ಥೆಯ ಈ ವಿಷಯದ ಪ್ರಕಟನಮಾಲೆಯಲ್ಲಿ ಮೊದಲನೆಯದು. ೧೯೫೬ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ಮದರಾಸಿನಲ್ಲಿಯೇ ಉಳಿದ, ಬೆಟ್ಟಗಳ ನಡುವಣ ಕನ್ನಡದ ಸೀಮೆ ತಾಳವಾಡಿ. ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಈಗ ಬೋಧಿಸಲಾಗುವ ಒಂದು ಪದ್ಧತಿಯ ಬಾಲ್ಯದಲ್ಲಿ ಈ ಗಡಿನಾಡಿನ ಹೆಸರೂ ಸೇರಿಕೊಂಡಿದೆಯೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಆ ಪದ್ಧತಿಯ ಸ್ವರೂಪ ಸರಳವಾದುದು. ಊರ ಜನ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಎಲೆಗಳಿಂದ ತಮ್ಮ ಊರಿನ ನಕ್ಷೆಯನ್ನು ತಾವೇ ಬರೆಯುತ್ತಾರೆ: ಮನೆಗಳು, ಬಾವಿ, ಕೆರೆ, ಹೊಲ, ಕಾಡಿನ ದಾರಿ. ಹನ್ನೆರಡು ತಿಂಗಳುಗಳಿಗೆ ಹನ್ನೆರಡು ಮನೆ ಹಾಕಿ, ಯಾವ ತಿಂಗಳಲ್ಲಿ ಕೂಲಿಯೆಷ್ಟು, ಸಾಲವೆಷ್ಟು, ರೋಗವೆಷ್ಟು ಎಂಬುದನ್ನು ಹುಣಿಸೆ ಬೀಜಗಳನ್ನಿಟ್ಟು ತೋರಿಸುತ್ತಾರೆ. ಮನೆತನದ ಹೆಸರಿರುವ ಚೀಟಿಗಳನ್ನು ಓದಿ ಹೇಳಿದರೆ, ಯಾವುದು ಯಾವ ಗುಂಪಿಗೆ ಸೇರತಕ್ಕದ್ದೆಂದು ವಿಂಗಡಿಸುತ್ತಾರೆ; ಏಕೆ ಹಾಗೆಂದು ಕೇಳಿದಾಗ ಹೊರಬರುವ ಕಾರಣಗಳೇ ಸಂಶೋಧನೆಯ ತಿರುಳು. ದುಡಿಯುವ ಗಂಡಾಳಿಲ್ಲದ ಮನೆ, ಕಾಯಿಲೆಯ ಮನೆ, ಕೊಟ್ಟ ಸಾಲಕ್ಕೆ ಎತ್ತನ್ನು ಬಿಟ್ಟುಕೊಟ್ಟ ಮನೆ ಎಂದು ಊರಿಗೆ ಗೊತ್ತಿರುವುದು ಮುದ್ರಿತ ನಮೂನೆಯಲ್ಲಿ ಹಿಡಿಯದು. ವಿಚಾರಿಸುವವನು ತನ್ನ ಕೈಯ ಕೋಲನ್ನು ಊರವರಿಗೆ ಒಪ್ಪಿಸಿ ಹಿಂದೆ ಸರಿದು ಕೂರಬೇಕು. ಚೇಂಬರ್ಸ್ ಅವರು ಇದನ್ನು ಕೋಲಿನ ಹಸ್ತಾಂತರವೆಂದೇ ಕರೆದರು. ಸೀಮೆಸುಣ್ಣವನ್ನು ಮಗುವಿನ ಕೈಗೆ ಕೊಟ್ಟು ಕರಿಹಲಗೆಯಿಂದ ದೂರ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ಉಪಾಧ್ಯಾಯರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಗಡಿಯಾಚೆಯ ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಅರ್ಥವೂ ಇದೆ. ಕಾಸರಗೋಡಿನಲ್ಲಾಗಲಿ, ಜತ್ತದಲ್ಲಾಗಲಿ, ಮಡಕಶಿರದಲ್ಲಾಗಲಿ, ಅರ್ಜಿಯ ಭಾಷೆ ಬೇರೆ, ಅಡಿಗೆಮನೆಯ ಭಾಷೆ ಬೇರೆ. ಪ್ರಶ್ನೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಅರ್ಥದ ಅರ್ಧ ಹೊಳೆಯಲ್ಲಿ ಉಳಿಯುತ್ತದೆ. ಕನ್ನಡದಲ್ಲಿ ನಾವು ಬಡವ ಎನ್ನುತ್ತೇವೆ, ಇಲ್ಲದವ ಎನ್ನುತ್ತೇವೆ, ಗತಿಗೆಟ್ಟವ ಎನ್ನುತ್ತೇವೆ, ದಿಕ್ಕಿಲ್ಲದವ ಎನ್ನುತ್ತೇವೆ. ಇವು ನಾಲ್ಕೂ ಒಂದೇ ಅಲ್ಲ. ಇಲ್ಲದವನಿಗೆ ವಸ್ತುವಿಲ್ಲ, ದಿಕ್ಕಿಲ್ಲದವನಿಗೆ ಮನುಷ್ಯರೇ ಇಲ್ಲ. ನಮೂನೆಯ ಹಾಳೆಯಲ್ಲಿ ಇವರಿಬ್ಬರಿಗೂ ಒಂದೇ ಕಲಮು. ನೆಲದ ಮೇಲಿನ ನಕ್ಷೆಗೂ ಹುಣಿಸೆ ಬೀಜಕ್ಕೂ ಲಿಪಿಯ ಹಂಗಿಲ್ಲ. ಅದರ ಸುತ್ತ ಕುಳಿತವರು ಮನೆಮಾತಿನಲ್ಲಿಯೇ ತರ್ಕಿಸಬಲ್ಲರು. ಆ ಮಾತನ್ನು ಕೇಳಿ ಬರೆದುಕೊಳ್ಳುವವನಿಗೆ ಮಾತ್ರ ಆ ಭಾಷೆ ಬರಬೇಕು.

೧೯೯೦ರ ಅನಂತರ ಈ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ಆಫ್ರಿಕದ ಜಾಂಬಿಯಾದಲ್ಲಿ ೧೯೯೩-೯೪ರಲ್ಲಿ ಜನರೊಡನೆ ಕೂಡಿ ನಡೆಸಿದ ವಿಚಾರಣೆಯಿಂದ, ಮಕ್ಕಳ ಶಾಲಾ ಶುಲ್ಕವನ್ನು ಕಟ್ಟಬೇಕಾದ ಕಾಲವೂ ಮನೆಯಲ್ಲಿ ಕಾಳೂ ಕಾಸೂ ಮುಗಿದಿರುವ ಕಾಲವೂ ಒಂದೇ ಎಂಬುದು ಬೆಳಕಿಗೆ ಬಂದಿತು. ಶುಲ್ಕದ ಮೊತ್ತವಷ್ಟನ್ನೇ ನೋಡುವವರಿಗೆ ಇದು ಹೊಳೆಯುವಂಥದಲ್ಲ. ಉಗಾಂಡಾದಲ್ಲಿ ೧೯೯೮ರಲ್ಲಿ ಆರಂಭವಾದ ಇಂಥದೇ ವಿಚಾರಣೆಯಲ್ಲಿ ಜನರು ಕುಡಿಯುವ ನೀರಿನ ಕಷ್ಟವನ್ನು ಮುಂದಿಟ್ಟರು. ಅಲ್ಲಿನ ಸರಕಾರ ಆ ಬಾಬಿಗೆ ಹಣವನ್ನು ಹೆಚ್ಚಿಸಿತು. ವಿಶ್ವ ಬ್ಯಾಂಕು ೧೯೯೯ರಲ್ಲಿ ೨೩ ದೇಶಗಳ ಸುಮಾರು ೨೦,೦೦೦ ಬಡ ಸ್ತ್ರೀಪುರುಷರ ಅಭಿಪ್ರಾಯಗಳನ್ನು ಸಂಗ್ರಹಿಸಿತು. ಹಸಿವಿನ ಜೊತೆಗೆ ಅವಮಾನ, ಭಯ, ದನಿಯಿಲ್ಲದಿರುವಿಕೆ ಇವೂ ಬಡತನವೆಂದು ಅವರು ದೇಶದೇಶಗಳಲ್ಲಿ ನುಡಿದಿದ್ದರು. ೨೦೧೦ರಿಂದ ಬಳಕೆಗೆ ಬಂದ ಬಹುಮುಖ ಬಡತನದ ಸೂಚ್ಯಂಕ ಆರೋಗ್ಯ, ವಿದ್ಯೆ, ಜೀವನಮಟ್ಟಗಳ ಹತ್ತು ಲಕ್ಷಣಗಳನ್ನು ಎಣಿಸುತ್ತದೆ. ಒಂದೇ ರೇಖೆಗಿಂತ ಇದು ಮೇಲು. ಆದರೆ ಆ ಹತ್ತರಲ್ಲಿ ಅವಮಾನಕ್ಕೆ ಸ್ಥಾನವಿಲ್ಲ.

ಹಾಗೆಂದು ಹೊಸ ಪದ್ಧತಿ ದೋಷರಹಿತವೆಂದು ತಿಳಿಯಬಾರದು. ಪಶ್ಚಿಮ ಭಾರತದ ಭಿಲ್ಲರ ಸೀಮೆಯ ಯೋಜನೆಯೊಂದರಲ್ಲಿ ಕೆಲಸ ಮಾಡಿದ ಡೇವಿಡ್ ಮಾಸ್ ೧೯೯೪ರಲ್ಲಿಯೇ ಇದನ್ನು ಎತ್ತಿ ತೋರಿಸಿದರು. ಊರ ಚಾವಡಿಯಲ್ಲಿ ಎಲ್ಲರೆದುರು ನಡೆಯುವ ಸಭೆಗೆ ಹೆಂಗಸರು ಬರಲಾರರು, ಬಂದರೂ ಮಾತಾಡಲಾರರು. ಊರ ಯಜಮಾನರ ಮಾತೇ ಊರಿನ ಒಮ್ಮತವೆಂದು ದಾಖಲಾಗುತ್ತದೆ. ೨೦೦೧ರಲ್ಲಿ ಈ ಬಗೆಯ ಆಕ್ಷೇಪಗಳೆಲ್ಲ ಒಂದು ಗ್ರಂಥವಾಗಿಯೇ ಬಂದುವು. ಹೊರಗಿನವನು ಕೆಳಗಿಟ್ಟ ಕೋಲನ್ನು ಊರೊಳಗಿನ ಬಲಿಷ್ಠನು ಎತ್ತಿಕೊಂಡರೆ ಬಡವನಿಗೆ ಆಗುವ ಲಾಭವೇನು? ಕೇರಿಯ ಮನೆಗಳು ನಕ್ಷೆಯಲ್ಲಿ ಬಿಟ್ಟುಹೋಗಿದ್ದರೆ, ಆ ನಕ್ಷೆಯನ್ನು ಜನರೇ ಬರೆದರೆಂಬ ಕಾರಣಕ್ಕೆ ಅದು ಸತ್ಯವಾಗುವುದೇ? ಆದುದರಿಂದ ಚಾವಡಿಯಲ್ಲಿ ಬರೆದ ನಕ್ಷೆಯನ್ನು ಕೇರಿಯಲ್ಲಿಯೂ ಬರೆಸಬೇಕು, ಗಂಡಸರು ಹೇಳಿದುದನ್ನು ಹೆಂಗಸರ ಗುಂಪಿನಲ್ಲಿಯೂ ಕೇಳಬೇಕು, ಎರಡನ್ನೂ ಮನೆಮನೆಯ ಎಣಿಕೆಯೊಡನೆ ತಾಳೆ ನೋಡಬೇಕು. ನವರೋಜಿಯವರ ಅಂಕಿ ಮತ್ತು ರಾಜಸ್ಥಾನದ ಹಳ್ಳಿಗರ ೩೮ ಲಕ್ಷಣ ಒಂದನ್ನೊಂದು ಕಾಯಬೇಕೇ ಹೊರತು ಅಳಿಸಬಾರದು.

ಕೊನೆಯದಾಗಿ ಶಾಲೆಯ ಮಟ್ಟಿಗೆ ಒಂದೆರಡು ಮಾತು. ವಿದ್ಯಾರ್ಥಿಗಳಿಂದ ಊರಿನ ನಕ್ಷೆ ಬರೆಸುವುದು, ತಿಂಗಳ ಪಟ್ಟಿ ಮಾಡಿಸುವುದು, ಅಜ್ಜಿಯರಿಂದ ಬರಗಾಲದ ನೆನಪುಗಳನ್ನು ಮನೆಮಾತಿನಲ್ಲಿಯೇ ಬರೆದು ತರಿಸುವುದು ಉತ್ತಮವಾದ ಇತಿಹಾಸಪಾಠ. ಆದರೆ ಬಡವರ ಮನೆ ಯಾವುದೆಂದು ಮಕ್ಕಳಿಂದ ವಿಂಗಡಿಸಬಾರದು. ತರಗತಿಯಲ್ಲಿ ‘ಬಡವರೆಲ್ಲ ಎದ್ದು ನಿಲ್ಲಿ’ ಎಂದು ವಿದ್ಯಾರ್ಥಿವೇತನದ ಪಟ್ಟಿಗಾಗಿ ಕೇಳುವ ರೂಢಿ ಕೆಲವೆಡೆ ಉಂಟು. ಎದ್ದು ನಿಂತ ಮಗು ತಲೆತಗ್ಗಿಸುತ್ತದೆ. ನಿಲ್ಲಲು ನಾಚಿದ ಮಗುವಿನ ಹೆಸರು ಪಟ್ಟಿಗೆ ಬಾರದು. ಪಟ್ಟಿಯೂ ತಪ್ಪು, ಮಗುವಿಗೂ ನೋವು. ಬಿಡುವಿನ ವೇಳೆಯಲ್ಲಿ ಒಬ್ಬೊಬ್ಬರನ್ನೇ ಹತ್ತಿರ ಕರೆದು, ಅವರ ಮನೆಯ ಭಾಷೆಯಲ್ಲಿ, ಇನ್ನೊಬ್ಬರಿಗೆ ಕೇಳಿಸದಂತೆ ವಿಚಾರಿಸಲು ಹೆಚ್ಚಿನ ವೆಚ್ಚವೇನೂ ತಗುಲದು. ಹೆಚ್ಚಿನ ವೇಳೆ ಹಿಡಿಯುತ್ತದೆ, ಅಷ್ಟೆ. ನೂರು ವರ್ಷಗಳಿಗೂ ಮಿಕ್ಕ ಈ ಇತಿಹಾಸದಿಂದ ನಮ್ಮ ನಿತ್ಯದ ಕೆಲಸಕ್ಕೆ ದೊರೆಯುವ ಪಾಠ ಇದು.